ಹಳೆಯ ಕಾರಿಗೆ ಕಾರ್ಬ್ಯುರೇಟರೇ ಸಾಕೋ, ಇಂಜೆಕ್ಷನ್ ಬೇಕೋ?

ದೇವಿಮನೆ ಘಟ್ಟದ ಅರ್ಧ ದಾರಿಯಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿಯೋ ಅಂಬಾಸಿಡರೋ ಕೆಮ್ಮಿ ನಿಂತಿತೆಂದರೆ ಬೈಗುಳವೆಲ್ಲ ಕಾರ್ಬ್ಯುರೇಟರಿಗೇ. ‘ಇದನ್ನು ಕಿತ್ತು ಇಂಜೆಕ್ಷನ್ ಹಾಕಿಸಿಬಿಡಿ’ ಎಂಬ ಸಲಹೆ ಅದರ ಬೆನ್ನಿಗೇ ಬರುತ್ತದೆ. ಕಾರವಾರ, ಕುಮಟಾ, ಸಿರ್ಸಿ ಕಡೆ ಹಳೆಯ ಪೆಟ್ರೋಲ್ ಕಾರನ್ನು ಆಸೆಪಟ್ಟು ಇಟ್ಟುಕೊಂಡವರು ಈ ಮಾತಿಗೆ ತಲೆಯಾಡಿಸುವ ಮೊದಲು ಒಂದಿಷ್ಟು ಲೆಕ್ಕ ಹಾಕಿ ನೋಡಬೇಕು. ಘಟ್ಟದ ಎತ್ತರದಿಂದ ಆಗುವ ತೊಂದರೆ ನಾವು ಅಂದುಕೊಂಡಷ್ಟಿಲ್ಲ. ಬಂಕಿನಲ್ಲಿ ತುಂಬಿಸಿಕೊಳ್ಳುವ ಪೆಟ್ರೋಲಿನಿಂದ ಆಗುವ ತೊಂದರೆ ಅಂದುಕೊಂಡಿದ್ದಕ್ಕಿಂತ ದೊಡ್ಡದು.

ಎಂಜಿನ್ನಿಗೆ ಬೇಕಾದದ್ದು ಗಾಳಿ ಮತ್ತು ಪೆಟ್ರೋಲಿನ ಹದವಾದ ಮಿಶ್ರಣ. ಶುದ್ಧ ಪೆಟ್ರೋಲ್ 1 ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬ್ಯುರೇಟರ್ ಈ ಹದವನ್ನು ಯಾವ ತಂತಿಯ ಸಹಾಯವೂ ಇಲ್ಲದೆ ಕಾಯುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ವೆಂಚುರಿಯ ಇಕ್ಕಟ್ಟಾದ ಕೊರಳಲ್ಲಿ ವೇಗ ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಆ ಇಳಿದ ಒತ್ತಡವೇ ಫ್ಲೋಟ್ ಬೌಲ್ ಎಂಬ ಪುಟ್ಟ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಜೆಟ್ ಎಂಬ ಹಿತ್ತಾಳೆಯ ಸಣ್ಣ ತೂತಿನ ಮೂಲಕ ಮೇಲೆಳೆಯುತ್ತದೆ. ಇಂಜೆಕ್ಷನ್‌ನಲ್ಲಿ ಈ ಕೆಲಸ ಇಸಿಯು ಎಂಬ ಪುಟ್ಟ ಕಂಪ್ಯೂಟರಿನದು. ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡ, ಗಾಳಿಯ ಮತ್ತು ಕೂಲಂಟಿನ ಬಿಸಿ, ಥ್ರಾಟಲ್ (ಗಾಳಿ ಬಿಡುವ ಬಾಗಿಲು) ತೆರೆದ ಪ್ರಮಾಣ ಇವನ್ನೆಲ್ಲ ಸೆನ್ಸರುಗಳಿಂದ ಓದಿ, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂದು ಅದು ನಿರ್ಧರಿಸುತ್ತದೆ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ತಪ್ಪು ಕಂಡರೆ ಕೂಡಲೇ ತಿದ್ದುತ್ತದೆ. ಕಾರ್ಬ್ಯುರೇಟರಿಗೆ ಇಲ್ಲದ್ದು ಈ ತಿದ್ದುವ ಶಕ್ತಿ. ಜೆಟ್ಟಿನ ತೂತು ಕಾರ್ಖಾನೆಯಲ್ಲಿ ಕೊರೆದಷ್ಟೇ ಇರುತ್ತದೆ.

ಆ ಶಕ್ತಿ ಇಲ್ಲದ್ದರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಷ್ಟು ನಷ್ಟ? ಸಿರ್ಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕುಮಟಾಕ್ಕಿಂತ ಶೇಕಡಾ 5ರಿಂದ 6 ಕಡಿಮೆ. ಗಾಳಿ ತೆಳುವಾದಾಗ ವೆಂಚುರಿಯ ಎಳೆತವೂ ತಗ್ಗುವುದರಿಂದ ಮಿಶ್ರಣ ಅಷ್ಟೂ ಕೆಡುವುದಿಲ್ಲ, ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ ಕೆಡುತ್ತದೆ. ಅಂದರೆ ಸಿರ್ಸಿಯಲ್ಲಿ ಮಿಶ್ರಣ ಸುಮಾರು ಶೇಕಡಾ 3ರಷ್ಟು ರಿಚ್ (ಪೆಟ್ರೋಲ್ ಹೆಚ್ಚು), ಅಷ್ಟೇ. ಇನ್ನು ಕರಾವಳಿಯ ಮಳೆಗಾಲ. 28 ಡಿಗ್ರಿ ಬಿಸಿ, ಶೇಕಡಾ 90 ತೇವಾಂಶ ಇದ್ದ ದಿನ ನಾವು ಉಸಿರಾಡುವ ಗಾಳಿಯ ಶೇಕಡಾ 3ಕ್ಕೂ ಹೆಚ್ಚು ಭಾಗ ನೀರಾವಿ. ಅಷ್ಟರಮಟ್ಟಿಗೆ ಆಮ್ಲಜನಕಕ್ಕೆ ಜಾಗ ಕಡಿಮೆ. ಒಣ ಹವೆಗೆ ಹೊಂದಿಸಿದ ಕಾರ್ಬ್ಯುರೇಟರ್ ಜುಲೈನಲ್ಲಿ ಕಾರವಾರದ ಕಡಲ ದಂಡೆಯಲ್ಲಿ ನಿಂತರೂ, ಘಟ್ಟ ಹತ್ತಿ ಸಿರ್ಸಿ ತಲುಪಿದಷ್ಟೇ ರಿಚ್ ಓಡುತ್ತದೆ. ಎರಡನ್ನೂ ಎಂಜಿನ್ ಸಹಿಸಿಕೊಳ್ಳುತ್ತದೆ, ಸ್ವಲ್ಪ ಮೈಲೇಜ್ ಹೋಗಬಹುದು.

ಈಗ ಪೆಟ್ರೋಲಿಗೆ ಬರೋಣ. ಇಂದು ದೇಶದ ಬಹುತೇಕ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆಸಿದ ಇ20. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ 1 ಗ್ರಾಂ ಎಥನಾಲ್ ಉರಿಯಲು 9 ಗ್ರಾಂ ಗಾಳಿ ಸಾಕು. ಇ20ಗೆ ಬೇಕಾದದ್ದು ಸುಮಾರು 13.5 ಗ್ರಾಂ. ಶುದ್ಧ ಪೆಟ್ರೋಲಿಗೆಂದು ಕೊರೆದ ಜೆಟ್ ಇ20ಯನ್ನು ಹರಿಸಿದರೆ ಮಿಶ್ರಣ ಸುಮಾರು ಶೇಕಡಾ 8ರಷ್ಟು ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ. ಘಟ್ಟದ ಎತ್ತರಕ್ಕಿಂತ ಎರಡೂವರೆ ಪಟ್ಟು ದೊಡ್ಡ ವ್ಯತ್ಯಾಸ, ಅದೂ ಉಲ್ಟಾ ದಿಕ್ಕಿನಲ್ಲಿ. ಲೀನ್ ಆದ ಎಂಜಿನ್ನಿನ ಪಿಕಪ್ ಸಾಯುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಜರ್ಕ್ ಹೊಡೆಯುತ್ತದೆ, ಪ್ಲಗ್ಗಿನ ಪಿಂಗಾಣಿ ಬೆಳ್ಳಗಾಗುತ್ತದೆ, ಏರಿನಲ್ಲಿ ಎಂಜಿನ್ ಬಿಸಿಯೇರುತ್ತದೆ. ‘ಘಟ್ಟಕ್ಕೆ ಕಾರ್ಬ್ಯುರೇಟರ್ ಆಗುವುದಿಲ್ಲ’ ಎಂದು ಜನ ಹೇಳುವ ಲಕ್ಷಣಗಳಲ್ಲಿ ಹೆಚ್ಚಿನವು ಇವೇ.

ಇದಕ್ಕೆ ಪರಿಹಾರ ಜೆಟ್ ಬದಲಿಸುವುದು. ಸೋಲೆಕ್ಸ್ ಕಂಪನಿಯ ಕಾರ್ಬ್ಯುರೇಟರಿನ ಜೆಟ್ಟಿನ ಮೇಲಿರುವ ಸಂಖ್ಯೆ ಅದರ ತೂತಿನ ವ್ಯಾಸ, ಮಿಲಿಮೀಟರಿನ ನೂರನೇ ಭಾಗದಲ್ಲಿ. 125 ಎಂದಿದ್ದರೆ 1.25 ಮಿಲಿಮೀಟರ್. ಅದನ್ನು ತೆಗೆದು 130 ಹಾಕಿದರೆ ತೂತಿನ ವಿಸ್ತೀರ್ಣ ಶೇಕಡಾ 8 ಹೆಚ್ಚುತ್ತದೆ. ನಮಗೆ ಬೇಕಿದ್ದದ್ದೂ ಅಷ್ಟೇ. ನಿಮ್ಮ ಕಾರಿನ ಜೆಟ್ ಯಾವ ಸಂಖ್ಯೆಯದ್ದೇ ಇರಲಿ, ವ್ಯಾಸದಲ್ಲಿ ಶೇಕಡಾ 4 ಏರಿಸಿದರೆ ಹರಿವು ಶೇಕಡಾ 8 ಏರುತ್ತದೆಂಬ ಲೆಕ್ಕ ಹಿಡಿಯಿರಿ. ಹಳೆಯ ಜೆಟ್ಟಿಗೆ ಸೂಜಿ, ತಂತಿ ಹಾಕಿ ದೊಡ್ಡದು ಮಾಡಲು ಹೋಗಬೇಡಿ. ತೂತಿನ ಅಂಚು ಹರಿದರೆ ಸಂಖ್ಯೆಗೂ ಹರಿವಿಗೂ ಸಂಬಂಧವೇ ಉಳಿಯದು. ಸರಿಯಾಗಿದೆಯೇ ಎಂದು ನೋಡಲು ಸೈಲೆನ್ಸರ್ ಪೈಪಿಗೆ 18 ಮಿಲಿಮೀಟರ್ ಥ್ರೆಡ್ಡಿನ ಒಂದು ನಟ್ ಬೆಸುಗೆ ಹಾಕಿಸಿ, ವೈಡ್‌ಬ್ಯಾಂಡ್ ಆಕ್ಸಿಜನ್ ಮೀಟರ್ ಕೂರಿಸಿ ಒಮ್ಮೆ ಘಟ್ಟ ಹತ್ತಿಸಿ. ಮೀಟರ್ ತೋರಿಸುವ ಲ್ಯಾಂಬ್ಡಾ (1 ಎಂದರೆ ಸರಿಹದ, ಅದಕ್ಕಿಂತ ಕಡಿಮೆಯೆಂದರೆ ರಿಚ್) ಫುಲ್ ಥ್ರಾಟಲ್‌ನಲ್ಲಿ 0.85ರಿಂದ 0.90, ಸಮತಟ್ಟು ರಸ್ತೆಯ ನಿಧಾನ ಓಟದಲ್ಲಿ 1ರ ಹತ್ತಿರ ಇದ್ದರೆ ಹದ ಸರಿ. ಇಂಜೆಕ್ಷನ್‌ಗೆ ಸುರಿಯುವ ಹಣದ ಒಂದು ಸಣ್ಣ ಪಾಲು ಈ ಮೀಟರಿಗೆ ಹಾಕಿದರೆ ಹೆಚ್ಚಿನವರ ತಕರಾರು ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಆದರೂ ಎಥನಾಲಿನಲ್ಲಿ ಶಕ್ತಿ ಕಡಿಮೆ. ಒಂದು ಲೀಟರ್ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ಶೇಕಡಾ 6ರಿಂದ 7 ಶಕ್ತಿ ಕಡಿಮೆಯಿರುತ್ತದೆ. ಆ ಮೈಲೇಜನ್ನು ಜೆಟ್ಟೂ ಮರಳಿ ತರಲಾರದು, ಇಂಜೆಕ್ಷನ್ನೂ ತರಲಾರದು.

ಜೆಟ್ ಮುಟ್ಟುವ ಮೊದಲು ಟ್ಯಾಪೆಟ್, ಪಾಯಿಂಟ್ (ಪ್ಲಗ್ಗಿನ ಕಿಡಿಯನ್ನು ಆಡಿಸುವ ಸ್ವಿಚ್) ಗ್ಯಾಪ್, ಟೈಮಿಂಗ್ ಸರಿಯಿರಬೇಕು. ಪಾಯಿಂಟ್ ಸುಟ್ಟಿರುವ ಕಾರಿನ ಕಾರ್ಬ್ಯುರೇಟರ್ ಎಷ್ಟು ಸಲ ಬಿಚ್ಚಿದರೂ ಮಿಸ್ಸಿಂಗ್ ಹೋಗದು. ಅದಾದ ಮೇಲೆ ಥ್ರಾಟಲ್ ಬಾಗಿಲು ತಿರುಗುವ ಕಡ್ಡಿಯನ್ನು, ಅಂದರೆ ಥ್ರಾಟಲ್ ಸ್ಪಿಂಡಲ್ಲನ್ನು ನೋಡಿ. ಹಳೆಯ ಕಾರ್ಬ್ಯುರೇಟರುಗಳಲ್ಲಿ ನಿಜವಾಗಿ ಸವೆಯುವ ಜಾಗ ಅದು. ಸ್ಪ್ರಿಂಗ್ ಕಳಚಿ, ಸ್ಪಿಂಡಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಟಿಕ್ ಟಿಕ್ ಎಂದು ಆಟ ಕೈಗೆ ಸಿಕ್ಕರೆ ಆ ಸಂದಿಯಿಂದ ಕಳ್ಳಗಾಳಿ ಒಳಹೋಗುತ್ತಿದೆ. ಎಂಜಿನ್ ಸ್ಲೋನಲ್ಲಿದ್ದಾಗ (ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ) ಆ ತುದಿಗೆ ಕಾರ್ಬ್ ಕ್ಲೀನರ್ ಒಂದು ಚಿಮುಕು ಹೊಡೆದು ಶಬ್ದ ಬದಲಾಗುತ್ತದೆಯೇ ಕೇಳಿ. ಬಿಸಿ ಮ್ಯಾನಿಫೋಲ್ಡಿನ ಮೇಲೆ ಬೀಳದಂತೆ ಮಾತ್ರ ಎಚ್ಚರ, ಅದು ಹೊತ್ತಿಕೊಳ್ಳುತ್ತದೆ. ರಿಪೇರಿ ಕಿಟ್ಟಿನ ಹೊಸ ಗ್ಯಾಸ್ಕೆಟ್ಟು, ಡಯಾಫ್ರಾಮುಗಳಿಂದ ಈ ಸವೆತ ಹೋಗುವುದಿಲ್ಲ. ಲೇತಿನಲ್ಲಿ ಬಾಡಿಯನ್ನು ಕೊರೆಸಿ ಹಿತ್ತಾಳೆ ಬುಷ್ ಹಾಕಿಸಬೇಕು. ಬುಷ್ ಹಾಕಿಸಿದ ಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಹಗುರಾಗಿ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ತೆರೆದು, ಬಿಸಿ ಎಂಜಿನ್ ಅತಿ ನಯವಾಗಿ ಓಡುವ ಜಾಗಕ್ಕೆ ತಂದು ನಿಲ್ಲಿಸಿ.

ಎಥನಾಲ್ ಇನ್ನೊಂದು ಕಡೆಯೂ ಕಚ್ಚುತ್ತದೆ. ಹಳೆಯ ರಬ್ಬರ್ ಅದರಲ್ಲಿ ಉಬ್ಬಿ ಬಿರುಕು ಬಿಡುತ್ತದೆ. ಎಂಜಿನ್ ಬ್ಲಾಕಿಗೆ ಕೂರಿಸಿದ ಮೆಕ್ಯಾನಿಕಲ್ ಪಂಪಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಕಾರನ್ನು ಸ್ಟಾರ್ಟ್ ಮಾಡಬೇಡಿ. ತೆಳುವಾದ ಆಯಿಲಿನಲ್ಲಿ ಬೇರಿಂಗುಗಳು ಹೋಗುತ್ತವೆ. ಹೋಸ್‌ಗಳೆಲ್ಲ ಎಥನಾಲ್ ತಡೆಯುವ ವೈಟಾನ್ ಜಾತಿಯವೇ ಆಗಿರಲಿ.

ಹಾಗಾದರೆ ಘಟ್ಟದಲ್ಲಿ ಕಾರು ನಿಲ್ಲುವುದೇಕೆ? ಹೆಚ್ಚಿನ ಸಲ ಕಾರಣ ಬಿಸಿ. ಅಂಬಾಸಿಡರಿನ ಬಿಎಂಸಿ (ಬ್ರಿಟಿಷ್ ಕಂಪನಿ) ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಮತ್ತು ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ಮಗ್ಗುಲಲ್ಲಿವೆ. ಏಪ್ರಿಲ್ ಮಧ್ಯಾಹ್ನ ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಬಾನೆಟ್ಟಿನೊಳಗೆ ಗಾಳಿಯಾಡುವುದಿಲ್ಲ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಎಂಜಿನ್ ಮೇಲಿನ ಪಂಪ್ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುವುದರಿಂದ ಪೈಪಿನಲ್ಲಿ ಒತ್ತಡ ಇನ್ನೂ ಇಳಿದು, ಕುದಿತ ಇನ್ನೂ ಸುಲಭವಾಗುತ್ತದೆ. ಪೈಪಿನಲ್ಲಿ ಆವಿ ತುಂಬಿದ ಮೇಲೆ ಪಂಪ್ ಎಷ್ಟು ಬಡಿದರೂ ಪೆಟ್ರೋಲ್ ಬರದು. ಗ್ಯಾರೇಜಿನವರು ಏರ್ ಲಾಕ್ ಎನ್ನುವುದು ಇದನ್ನೇ. ಟ್ಯಾಂಕಿನ ಪಕ್ಕ 0.2ರಿಂದ 0.3 ಬಾರ್ ಒತ್ತಡದ ಎಲೆಕ್ಟ್ರಿಕ್ ಪಂಪ್ ಹಾಕಿ ಪೆಟ್ರೋಲನ್ನು ಹೀರುವ ಬದಲು ನೂಕಿಸಿದರೆ, ಪೈಪನ್ನು ಮ್ಯಾನಿಫೋಲ್ಡಿನಿಂದ ದೂರ ಸರಿಸಿದರೆ, ಕಾರ್ಬ್ಯುರೇಟರಿನ ಅಡಿಗೆ 6ರಿಂದ 10 ಮಿಲಿಮೀಟರ್ ದಪ್ಪದ ಬೇಕಲೈಟ್ ಸ್ಪೇಸರ್ ಕೊಟ್ಟರೆ ಇದು ಬಹುತೇಕ ಮಾಯ. ಒತ್ತಡ ಅದಕ್ಕಿಂತ ಹೆಚ್ಚಾದರೆ ಬೌಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ತಡೆಯಲಾರದೆ ಕಾರ್ಬ್ಯುರೇಟರ್ ಓವರ್‌ಫ್ಲೋ ಆಗುತ್ತದೆ. ಬಿಸಿ ಕಾರನ್ನು ನಿಲ್ಲಿಸಿ ಚಹಾ ಕುಡಿದು ಬಂದಾಗ ಸ್ಟಾರ್ಟ್ ಆಗದಿದ್ದರೆ ಬೌಲ್ ಕುದಿದು ಫ್ಲಡ್ ಆಗಿರುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಿರಿ, ಪಂಪ್ ಮಾಡಬೇಡಿ.

ಸಿರ್ಸಿಯ ಡಿಸೆಂಬರ್ ಮುಂಜಾವಿನಲ್ಲಿ ಇದರ ತದ್ವಿರುದ್ಧ. ಪೆಟ್ರೋಲ್ ಆವಿಯಾಗುವಾಗ ಕಾರ್ಬ್ಯುರೇಟರ್ ತಣ್ಣಗಾಗಿ, ಇಬ್ಬನಿಯ ತೇವ ಥ್ರಾಟಲಿನ ಅಂಚಿನಲ್ಲಿ ಹಿಮಗಟ್ಟಬಹುದು. ಹೊರಟ ಕೆಲವೇ ಕಿಲೋಮೀಟರಿನಲ್ಲಿ ಸ್ಲೋ ನಿಲ್ಲುವುದಿಲ್ಲ, ಎರಡು ಮೂರು ನಿಮಿಷ ಬಿಟ್ಟರೆ ಎಂಜಿನ್ ಬಿಸಿಗೆ ಹಿಮ ಕರಗಿ ಎಲ್ಲ ಸರಿ. ಜೆಟ್ ಕಟ್ಟಿದೆಯೆಂದು ಬಿಚ್ಚಿ ನೋಡಿದವರಿಗೆ ಒಳಗೆ ಏನೂ ಸಿಗುವುದಿಲ್ಲ.

ಇಂಜೆಕ್ಷನ್ ಈ ಎಲ್ಲಕ್ಕೂ ಒಳ್ಳೆಯ ಉತ್ತರವೇ. 3 ಬಾರ್ ಒತ್ತಡದಲ್ಲಿರುವ ಪೆಟ್ರೋಲ್ ಸುಲಭಕ್ಕೆ ಕುದಿಯದು, ಎಥನಾಲ್ ಹೆಚ್ಚಿದರೂ ಸೆನ್ಸರ್ ತಿದ್ದಿಕೊಳ್ಳುತ್ತದೆ, ಚೋಕ್ ಎಳೆಯುವ ಕೆಲಸವಿಲ್ಲ. ಆದರೆ ಅದು ಒಂದು ಬಿಡಿಭಾಗವಾಗಿ ಬರುವುದಿಲ್ಲ, ಇಡೀ ಕಾರನ್ನೇ ತನಗೆ ತಕ್ಕಂತೆ ಬದಲಿಸಿಕೊಳ್ಳುತ್ತದೆ.

ಮೊದಲು ಟ್ಯಾಂಕ್. 40 ಅಶ್ವಶಕ್ತಿಯ ಎಂಜಿನ್ ಪೂರ್ಣ ಬಲದಲ್ಲಿ ಕುಡಿಯುವುದು ಗಂಟೆಗೆ 12 ಲೀಟರಿನಷ್ಟು. ಇಂಜೆಕ್ಷನ್ ಪಂಪ್ ಸಾಮಾನ್ಯವಾಗಿ 80 ಲೀಟರಿಗೂ ಹೆಚ್ಚು ನೂಕುತ್ತದೆ. ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳಿ, ತಳದ ತುಕ್ಕನ್ನೆಲ್ಲ ಕದಡುತ್ತದೆ. ಕಾರ್ಬ್ಯುರೇಟರ್ ನುಂಗಿಕೊಳ್ಳುವ ತುಕ್ಕಿನ ಹುಡಿ ಇಂಜೆಕ್ಟರನ್ನು ಕಟ್ಟಿಹಾಕುತ್ತದೆ. ಕರಾವಳಿಯ ಹಳೆಯ ಟ್ಯಾಂಕನ್ನು ಶುಚಿ ಮಾಡಿಸದೆ, 10 ಮೈಕ್ರಾನ್ ಫಿಲ್ಟರ್ ಹಾಕದೆ ಇಂಜೆಕ್ಷನ್ ಮಾತೇ ಎತ್ತಬಾರದು. ಘಟ್ಟದ ತಿರುವುಗಳಲ್ಲಿ ಅರೆಬರೆ ಟ್ಯಾಂಕಿನ ಪೆಟ್ರೋಲ್ ಒಂದು ಬದಿಗೆ ವಾಲಿ ಪಂಪ್ ಗಾಳಿ ಎಳೆದರೆ ಎಂಜಿನ್ ಆ ಕ್ಷಣವೇ ಮುಗ್ಗರಿಸುತ್ತದೆ. ಫ್ಲೋಟ್ ಬೌಲ್ ಇರುವ ಕಾರಿಗೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಸುಮಾರು ಒಂದು ಲೀಟರಿನ ಸರ್ಜ್ ಟ್ಯಾಂಕ್, ಅಂದರೆ ಸದಾ ತುಂಬಿರುವ ಪುಟ್ಟ ಉಪಟ್ಯಾಂಕ್ ಬೇಕು.

ಬಳಿಕ ಕರೆಂಟು. ಪಂಪ್, ಇಂಜೆಕ್ಟರ್, ಇಸಿಯು, ಆಕ್ಸಿಜನ್ ಸೆನ್ಸರಿನ ಹೀಟರ್ ಸೇರಿ 10ರಿಂದ 15 ಆಂಪಿಯರ್ ಎಳೆಯುತ್ತವೆ. ಹಳೆಯ ಲೂಕಾಸ್ ಮಾದರಿಯ ಡೈನಮೋದ ಗರಿಷ್ಠವೇ 22ರ ಆಸುಪಾಸು, ಸ್ಲೋನಲ್ಲಂತೂ ಹೆಚ್ಚುಕಡಿಮೆ ಸೊನ್ನೆ. ಮಳೆಗಾಲದ ರಾತ್ರಿ ಹೆಡ್‌ಲೈಟ್, ವೈಪರ್ ಹಾಕಿಕೊಂಡು ಹೊರಟರೆ ಬ್ಯಾಟರಿ ಬರಿದಾಗಿ ಇಸಿಯು ನಿಲ್ಲುತ್ತದೆ. 35 ಆಂಪಿಯರ್ ಮೇಲ್ಪಟ್ಟ ಆಲ್ಟರ್ನೇಟರ್ ಬೇಕೇ ಬೇಕು. ಉಪ್ಪುಗಾಳಿಗೆ ತಾಮ್ರದ ಟರ್ಮಿನಲ್‌ಗಳು ಹಸಿರು ಕಿಲುಬು ಹಿಡಿಯುವ ಊರಿನಲ್ಲಿ ಇಸಿಯುವಿನ ಅರ್ತ್ ಕಲಾಯಿ ಹಚ್ಚಿದ ಲಗ್ಗಿನಿಂದ ನೇರ ಬ್ಯಾಟರಿಗೆ ಹೋಗಬೇಕು. ಎಂಜಿನ್ ಓಡುತ್ತಿರುವಾಗ ಆ ತಂತಿಯ ಎರಡು ತುದಿಗಳ ನಡುವೆ 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಸೆನ್ಸರುಗಳ ಮಾತು ಸುಳ್ಳಾಗುತ್ತದೆ. ಮಲೆನಾಡಿನ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಇಲಿಗಳ ಕಾಟವೂ ಇದೆ. ಕಾರ್ಬ್ಯುರೇಟರ್ ಕಾರಿನಲ್ಲಿ ಇಲಿ ಕಡಿಯಲು ನಾಲ್ಕಾರು ತಂತಿ, ಇಂಜೆಕ್ಷನ್ ಕಾರಿನಲ್ಲಿ ಕಟ್ಟುಗಟ್ಟಲೆ. 3 ಬಾರ್ ಪೈಪ್ ಸೋರಿದರೆ ತೊಟ್ಟಿಕ್ಕುವುದಿಲ್ಲ, ಚಿಮ್ಮುತ್ತದೆ. ಆದ್ದರಿಂದ ಎಂಜಿನ್ ನಿಂತ ಕೂಡಲೇ ಪಂಪ್ ನಿಲ್ಲಿಸುವ ರಿಲೇ ಇಲ್ಲದೆ ಕಾರನ್ನು ರಸ್ತೆಗೆ ಇಳಿಸಬಾರದು.

ಅಮೆರಿಕದಲ್ಲಿ ಸಿಗುವ ಥ್ರಾಟಲ್ ಬಾಡಿ ಕಿಟ್‌ಗಳು ಹೆಚ್ಚಾಗಿ 5-6 ಲೀಟರಿನ ಎಂಟು ಸಿಲಿಂಡರ್ ಎಂಜಿನ್‌ಗಳಿಗೆ ಮಾಡಿದವು. ಆ ದೊಡ್ಡ ಇಂಜೆಕ್ಟರುಗಳು ಪದ್ಮಿನಿಯ 1089 ಸಿಸಿ ಎಂಜಿನ್ನಿಗೆ ಸ್ಲೋನಲ್ಲಿ ಬೇಕಾದ ಹನಿಯಷ್ಟು ಪೆಟ್ರೋಲನ್ನು ಅಳೆದು ಕೊಡಲಾರವು. ತೆರೆದಿರುವ ಸಮಯ ಒಂದೂವರೆ ಮಿಲಿಸೆಕೆಂಡಿಗಿಂತ ಇಳಿದರೆ ಇಂಜೆಕ್ಟರಿನ ಅಳತೆ ನಂಬಿಕೆಗೆ ಸಿಗದು. ಮಾರುತಿ 800ರ ವಿಷಯ ಬೇರೆ. 2000ದ ಆಸುಪಾಸಿನಲ್ಲಿ ಕಂಪನಿಯೇ ಅದಕ್ಕೆ ಎಂಪಿಎಫ್‌ಐ ಎಂಬ ಇಂಜೆಕ್ಷನ್ ತಂದಿದ್ದರಿಂದ ಎಂಜಿನ್, ವೈರಿಂಗ್, ಇಸಿಯು, ಟ್ಯಾಂಕ್ ಎಲ್ಲವೂ ಒಂದೇ ಕಾರಿನಿಂದ ಒಟ್ಟಾಗಿ ಸಿಗುತ್ತವೆ, ಕಾರವಾರದ ಮೆಕ್ಯಾನಿಕ್‌ಗೂ ಗೊತ್ತಿರುತ್ತವೆ. ದಿನವೂ ಓಡಿಸುವ 800 ಆಗಿದ್ದರೆ ಹಾಕಿಸಿ, ಎಂಜಿನ್ ನಂಬರ್ ಬದಲಾವಣೆಯನ್ನು ಆರ್‌ಸಿಯಲ್ಲಿ ದಾಖಲಿಸಿ. ಪದ್ಮಿನಿ, ಅಂಬಾಸಿಡರ್‌ಗಳಿಗೆ ಮಾತ್ರ ಬುಷ್ ಹಾಕಿಸಿದ, ಜೆಟ್ ಸರಿಪಡಿಸಿದ ಕಾರ್ಬ್ಯುರೇಟರೇ ನನ್ನ ಆಯ್ಕೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕೆಂದರೆ ಅದು ಮೂಲ ರೂಪದಲ್ಲೇ ಇರಬೇಕು, ಇದನ್ನೂ ಗಮನದಲ್ಲಿಡಿ.

ಎರಡರಲ್ಲಿ ಯಾವುದನ್ನೇ ಆರಿಸಿಕೊಂಡರೂ ಮಳೆಗಾಲಕ್ಕೆ ಕಾರು ನಿಲ್ಲಿಸುವ ಮುನ್ನ ಟ್ಯಾಂಕ್ ಪೂರ್ತಿ ತುಂಬಿಸಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವವನ್ನು ಎಥನಾಲ್ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ಇರುವುದೂ ಅಲ್ಲೇ. ಕಾರ್ಬ್ಯುರೇಟರ್ ಕಾರಾದರೆ ಪೆಟ್ರೋಲ್ ಪೈಪ್ ಕಳಚಿ, ತುದಿಯನ್ನು ಬಿಗಿಯಾಗಿ ಮುಚ್ಚಿ, ಬೌಲ್ ಬರಿದಾಗಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದರೆ ಪೈಪ್ ಕಳಚಬೇಡಿ, ಪಂಪಿನ ಫ್ಯೂಸ್ ತೆಗೆದು ಓಡಿಸಿದರಾಯಿತು. ಹಾಗೆ ಮಾಡದಿದ್ದರೆ ಸೆಪ್ಟೆಂಬರಿನಲ್ಲಿ ಬಿಚ್ಚಿದಾಗ ಸತುವಿನ ಬೌಲ್‌ನ ತಳದಲ್ಲಿ ಬಿಳಿ ಹುಡಿ ಕೂತಿರುತ್ತದೆ, ಮೊದಲು ಕಟ್ಟುವುದು ಸ್ಲೋಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್.