ಉಂಗುರ ಅಳಿಸುವ ಕ್ರೀಮು, ಉಳಿದೇ ಬಿಡುವ ಗಜಕರ್ಣ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕರಾವಳಿಯ ಮನೆಗಳಲ್ಲಿ ಬಟ್ಟೆ ಪೂರ್ತಿ ಒಣಗುವುದು ಮತ್ತೆ ಸೆಪ್ಟೆಂಬರಿಗೇ. ಜಗಲಿಯ ಹಗ್ಗದಲ್ಲಿ ಎರಡು ದಿನ ತೂಗಿದ ಬನಿಯನ್ನು ಕೈಗೆ ತಣ್ಣಗೆ ಹತ್ತುತ್ತದೆ, ಮೂಗಿಗೆ ಮುಗ್ಗಲು ವಾಸನೆ ಬರುತ್ತದೆ. ಅದನ್ನೇ ಹಾಕಿಕೊಂಡು, ಮೇಲೊಂದು ಜೀನ್ಸ್ ಏರಿಸಿ, ಮಳೆಯಲ್ಲಿ ಸ್ಕೂಟರು ಓಡಿಸಿ ಕೆಲಸಕ್ಕೆ ಹೋದವರ ತೊಡೆಸಂದಿನಲ್ಲಿ ದಿನವಿಡೀ ಬೆವರು, ನೀರು, ತಿಕ್ಕಾಟ. ಗಜಕರ್ಣಕ್ಕೆ ಇದಕ್ಕಿಂತ ಒಳ್ಳೆಯ ಗದ್ದೆ ಬೇಡ.

ಹುಳುಕಡ್ಡಿ ಎಂದೂ ಇದನ್ನು ಕರೆಯುತ್ತಾರೆ. ಇದರಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಇದು ಶಿಲೀಂಧ್ರ, ಹಳೆಯ ರೊಟ್ಟಿಯ ಮೇಲೆ ಬರುವ ಬೂಷ್ಟಿನ ದೂರದ ನೆಂಟ. ಇದರ ಆಹಾರ ಕೆರಾಟಿನ್, ಅಂದರೆ ನಮ್ಮ ಚರ್ಮದ ಸತ್ತ ಹೊರಪದರ, ಕೂದಲು ಮತ್ತು ಉಗುರು ಆಗಿರುವ ವಸ್ತು. ಜೀವಂತ ಚರ್ಮದೊಳಗೆ ಇದು ಸಾಮಾನ್ಯವಾಗಿ ಇಳಿಯುವುದಿಲ್ಲ. ಬೀಜಾಣು ಹೊರಪದರಕ್ಕೆ ಅಂಟಿಕೊಂಡು, ಕೆರಾಟಿನ್ ಕರಗಿಸುವ ಕಿಣ್ವ ಬಿಟ್ಟು, ಸುತ್ತಲೂ ಎಳೆಗಳನ್ನು ಚಾಚುತ್ತ ಹೋಗುತ್ತದೆ. ಅಷ್ಟರಲ್ಲಿ ದೇಹ ಎಚ್ಚರಗೊಂಡಿರುತ್ತದೆ. ರಕ್ಷಣಾ ಕಣಗಳು ಅಲ್ಲಿ ಸೇರಿ ಉರಿಯೂತ ಎಬ್ಬಿಸುತ್ತವೆ, ಚರ್ಮವೂ ಬೇಗ ಬೇಗ ಹೊಟ್ಟು ಉದುರಿಸಿ ಶಿಲೀಂಧ್ರವನ್ನು ಹೊರದಬ್ಬುತ್ತದೆ. ಹೀಗೆ ನಡುವಿನ ಜಾಗ ತಿಳಿಯಾಗುತ್ತದೆ, ಹೊಸ ಜಾಗ ಹಿಡಿಯುತ್ತಿರುವ ಅಂಚು ಮಾತ್ರ ಕೆಂಪಾಗಿ, ಉಬ್ಬಿ, ಹೊಟ್ಟು ಎದ್ದು ಕಾಣುತ್ತದೆ. ಆ ಉಂಗುರ ಎಂದರೆ ದೇಹಕ್ಕೂ ಶಿಲೀಂಧ್ರಕ್ಕೂ ನಡೆಯುತ್ತಿರುವ ಜಗಳದ ಗಡಿ. ಮುಂದೆ ಹೇಳುವುದೆಲ್ಲ ಈ ಗಡಿಯ ಮೇಲೆಯೇ ನಿಂತಿದೆ.

ತುರಿಕೆ ತಡೆಯದೆ ಮದ್ದಿನಂಗಡಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದರೆ ಸಿಗುವುದು ಬಹಳ ಸಲ ಮೂರು ನಾಲ್ಕು ಔಷಧಿ ಬೆರೆಸಿದ ಕ್ರೀಮು. ಒಂದು ಶಿಲೀಂಧ್ರ ನಾಶಕ, ಒಂದು ಆಂಟಿಬಯೋಟಿಕ್, ಜೊತೆಗೆ ಒಂದು ಸ್ಟೀರಾಯ್ಡ್. ಆ ಸ್ಟೀರಾಯ್ಡ್ ಎಷ್ಟೋ ಟ್ಯೂಬುಗಳಲ್ಲಿ ಕ್ಲೋಬೆಟಸಾಲ್, ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲ ವರ್ಗಕ್ಕೆ ಸೇರಿದ್ದು. ಹಚ್ಚಿದ ಒಂದೆರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಉಂಗುರ ಮಸುಕಾಗುತ್ತದೆ. ಹಚ್ಚಿಕೊಂಡವರಿಗೆ ಗುಣವಾಯಿತೆನಿಸುತ್ತದೆ. ನಿಜಕ್ಕೂ ಆದದ್ದೇನು? ತುರಿಕೆ, ಕೆಂಪು, ಊತ ಇವೆಲ್ಲ ದೇಹದ ಹೋರಾಟದ ಗುರುತುಗಳು. ಸ್ಟೀರಾಯ್ಡ್ ಮಾಡಿದ್ದು ಹೋರಾಡುವವರನ್ನು ಮಲಗಿಸುವ ಕೆಲಸ. ಕಾವಲುಗಾರ ಮಲಗಿದ ಮೇಲೆ ಶಿಲೀಂಧ್ರ ಗದ್ದಲವಿಲ್ಲದೆ ಹರಡುತ್ತದೆ. ಕ್ರೀಮು ಬಿಟ್ಟ ವಾರದಲ್ಲಿ ದುಪ್ಪಟ್ಟು ಜಾಗದಲ್ಲಿ, ದುಪ್ಪಟ್ಟು ತುರಿಕೆಯೊಂದಿಗೆ ಏಳುತ್ತದೆ. ಮತ್ತೆ ಅದೇ ಟ್ಯೂಬ್.

ಈ ವೇಷ ಮರೆಸುವಿಕೆಗೆ 1968ರಲ್ಲೇ ಬ್ರಿಟನ್ನಿನ ವೈದ್ಯರು ‘ಟೀನಿಯ ಇನ್‌ಕಾಗ್ನಿಟೊ’ ಎಂದು ಹೆಸರಿಟ್ಟರು, ಗುರುತು ಮುಚ್ಚಿಕೊಂಡ ಗಜಕರ್ಣ ಎಂದರ್ಥ. ಅಂಚು ಅಳಿಸಿಹೋಗಿ ಬರೀ ಕಂದು ಕಲೆಯಂತೆ ಕಾಣಬಹುದು, ಕಜ್ಜಿಯಂತೆ ಸಣ್ಣ ಗುಳ್ಳೆಗಳಾಗಿ ಏಳಬಹುದು. ಕ್ರೀಮು ಹಚ್ಚಿ ಬಿಟ್ಟು, ಹಚ್ಚಿ ಬಿಟ್ಟು ಮಾಡಿದವರಲ್ಲಿ ಉಂಗುರದೊಳಗೆ ಇನ್ನೊಂದು ಉಂಗುರ ಮೂಡುತ್ತದೆ. ಅನುಭವಿ ಚರ್ಮವೈದ್ಯರು ಜೋಡಿ ಉಂಗುರ ಕಂಡ ಕೂಡಲೇ ಕೇಳುವ ಮೊದಲ ಪ್ರಶ್ನೆ, ‘ಯಾವ ಟ್ಯೂಬ್ ಹಚ್ಚಿದ್ದೀರಿ?’

ತೊಡೆಸಂದಿಗೆ ಸ್ಟೀರಾಯ್ಡ್ ಹಚ್ಚುವುದು ಬೇರೆ ಕಡೆ ಹಚ್ಚಿದಂತಲ್ಲ. 1967ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ಸ್ಟೀರಾಯ್ಡ್ ಯಾವ ಜಾಗದ ಚರ್ಮದಲ್ಲಿ ಎಷ್ಟು ಹೀರಿಕೊಳ್ಳುತ್ತದೆ ಎಂದು ಅಳೆದರು. ಮುಂಗೈಯ ಒಳಭಾಗದ ಹೀರಿಕೆಯನ್ನು 1 ಎಂದು ಹಿಡಿದರೆ ಹಣೆಯದ್ದು 6, ದವಡೆಯದ್ದು 13, ವೃಷಣದ ಚರ್ಮದ್ದು 42. ಸಂದಿಯ ಮಡಿಕೆ, ಮೇಲೆ ಬಿಗಿಯಾದ ಒದ್ದೆ ಬಟ್ಟೆ ಸೇರಿದರೆ ಹೀರಿಕೆ ಇನ್ನೂ ಏರುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಒಳಭಾಗದಲ್ಲಿ ಅಗಲವಾದ ಕೆಂಪು ಬಿರುಕುಗೆರೆಗಳು ಮೂಡುತ್ತವೆ. ಗಜಕರ್ಣ ಗುಣವಾದರೂ ಆ ಗೆರೆ ಹೋಗುವುದಿಲ್ಲ. ಇಪ್ಪತ್ತು ವರ್ಷದ ಹುಡುಗರ ಮೈಮೇಲೆ ಇವನ್ನು ನೋಡುವಾಗ ಸಂಕಟವಾಗುತ್ತದೆ, ಯಾಕೆಂದರೆ ಇದು ಬರಲೇಬೇಕಾದದ್ದಾಗಿರಲಿಲ್ಲ. ಹಚ್ಚುವ ಹದಿನಾಲ್ಕು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ತಿದ್ದಿದೆ. ಕೌಂಟರಿನಲ್ಲಿ ಅದು ಪಾಲನೆಯಾಗಬೇಕಾದರೆ ಕೊಳ್ಳುವವರಿಗೂ ವಿಷಯ ಗೊತ್ತಿರಬೇಕು. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್, ಫ್ಲುಸಿನೊಲೋನ್, ಇವುಗಳಲ್ಲಿ ಒಂದಿದ್ದರೂ ಅದು ಗಜಕರ್ಣಕ್ಕೆ ಹಚ್ಚುವ ಕ್ರೀಮಲ್ಲ.

ಎಲ್ಲ ತಪ್ಪನ್ನೂ ಸ್ಟೀರಾಯ್ಡ್ ಮೇಲೆ ಹೊರಿಸಿದರೂ ಸರಿಯಾಗದು. ಶಿಲೀಂಧ್ರವೇ ಬದಲಾಗಿದೆ. ಟರ್ಬಿನಫೈನ್ ಎಂಬ ಮಾತ್ರೆ ದಿನಕ್ಕೆ 250 ಮಿಲಿಗ್ರಾಂನಂತೆ ಎರಡು ಮೂರು ವಾರ ನುಂಗಿದರೆ ಗಜಕರ್ಣ ಮುಗಿಯುತ್ತಿದ್ದ ಕಾಲವೊಂದಿತ್ತು. ಶಿಲೀಂಧ್ರ ತನ್ನ ಕೋಶದ ಗೋಡೆಗೆ ಒಳಪೊರೆ ಕಟ್ಟಿಕೊಳ್ಳಲು ಎರ್ಗೊಸ್ಟೆರಾಲ್ ಎಂಬ ಕೊಬ್ಬು ತಯಾರಿಸುತ್ತದೆ. ಆ ತಯಾರಿಕೆಯ ಮೊದಲ ಹಂತಗಳಲ್ಲೊಂದನ್ನು ನಡೆಸುವ ಕಿಣ್ವ ಸ್ಕ್ವಾಲೀನ್ ಎಪಾಕ್ಸಿಡೇಸ್. ಟರ್ಬಿನಫೈನ್ ಹೋಗಿ ಕೂರುವುದು ಅದರ ಮೇಲೆ. ಈಗ ಹರಡಿರುವ ತಳಿಗಳಲ್ಲಿ ಆ ಕಿಣ್ವದ 397ನೆಯ ಸ್ಥಾನದ ಅಮೈನೋ ಆಮ್ಲ ಬದಲಾಗಿರುವುದು ಆಗಾಗ ಕಾಣುತ್ತದೆ. ಫಿನೈಲ್‌ಅಲನೀನ್ ಇರಬೇಕಾದಲ್ಲಿ ಲ್ಯೂಸೀನ್ ಬಂದಿರುತ್ತದೆ. ಬೀಗದ ಒಂದು ಹಲ್ಲು ಬದಲಾದಂತೆ. ಕೀಲಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಜಪಾನಿನಲ್ಲಿದ್ದ ಒಬ್ಬ ಭಾರತೀಯ, ಒಬ್ಬ ನೇಪಾಳಿಯ ಚರ್ಮದಿಂದ ಬೆಳೆಸಿದ ಈ ಶಿಲೀಂಧ್ರಕ್ಕೆ 2020ರಲ್ಲಿ ಅಲ್ಲಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೋಟೀನಿಯೆ ಎಂದು ಹೆಸರಿಟ್ಟರು. 2023ರಲ್ಲಿ ನ್ಯೂಯಾರ್ಕಿನಲ್ಲೂ ಅದು ಸಿಕ್ಕಿದ ವರದಿ ಬಂತು. ಅಲ್ಲಿನ ಇಬ್ಬರು ರೋಗಿಗಳಲ್ಲಿ ಒಬ್ಬಾಕೆ ವಿದೇಶಕ್ಕೆ ಹೋದವರೇ ಅಲ್ಲ.

ಹಾಗಾದರೆ ಯಾವ ಮಾತ್ರೆ ಕೆಲಸ ಮಾಡುತ್ತದೆ? ಇದಕ್ಕೆ ಅನುಭವದ ಮಾತು ಸಾಲದು. ಒಬ್ಬ ವೈದ್ಯರಿಗೆ ಗುಣವಾದವರು ನೆನಪಿರುತ್ತಾರೆ, ಗುಣವಾಗದವರು ಬೇರೆ ವೈದ್ಯರ ಬಳಿ ಹೋಗಿರುತ್ತಾರೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವನ್ನು ನಾವು ಮತ್ತೆ ಮತ್ತೆ ನೆನೆಯುವುದು ಇದಕ್ಕೇ. 200 ರೋಗಿಗಳನ್ನು ಚೀಟಿ ಎತ್ತಿದ ಹಾಗೆ, ಯಾರ ಆಯ್ಕೆಯೂ ಇಲ್ಲದೆ, ಐವತ್ತೈವತ್ತರ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಫ್ಲುಕೊನಜೋಲ್, ಒಂದಕ್ಕೆ ಗ್ರಿಸಿಯೊಫಲ್ವಿನ್, ಒಂದಕ್ಕೆ ಇಟ್ರಾಕೊನಜೋಲ್, ಒಂದಕ್ಕೆ ಟರ್ಬಿನಫೈನ್, ಎಲ್ಲವೂ ದೇಹದ ತೂಕಕ್ಕೆ ತಕ್ಕಂತೆ, ದಿನವೂ. ನಾಲ್ಕು ವಾರಕ್ಕೆ ನೋಡಿದರೆ ಯಾವ ಗುಂಪಿನಲ್ಲೂ ಗುಣವಾದವರು ನೂರಕ್ಕೆ 8 ದಾಟಲಿಲ್ಲ. ಎಂಟು ವಾರಕ್ಕೆ ಚಿತ್ರ ಬೇರೆಯಾಯಿತು. ಇಟ್ರಾಕೊನಜೋಲ್ ನೂರಕ್ಕೆ 66, ಫ್ಲುಕೊನಜೋಲ್ 42, ಟರ್ಬಿನಫೈನ್ 28, ಗ್ರಿಸಿಯೊಫಲ್ವಿನ್ 14.

ಇದರಲ್ಲಿ ಜನ ಗಮನಿಸುವುದು 66ನ್ನು. ನಾವು ಮೊದಲು ನೋಡಬೇಕಾದದ್ದು ನಾಲ್ಕು ವಾರದ 8ನ್ನು. ಎರಡು ವಾರ ಮಾತ್ರೆ ತಿಂದು, ತುರಿಕೆ ತಗ್ಗಿತೆಂದು ಬಿಟ್ಟವರಿಗೆ ರೋಗ ಯಾಕೆ ಮರಳುತ್ತದೆ ಎಂಬುದಕ್ಕೆ ಉತ್ತರ ಅಲ್ಲಿದೆ. ಎರಡನೆಯದಾಗಿ, ಅತ್ಯುತ್ತಮ ಮಾತ್ರೆಯಲ್ಲೂ ಐವತ್ತರಲ್ಲಿ ಹದಿನೇಳು ಮಂದಿಗೆ ಎಂಟು ವಾರದಲ್ಲಿ ಗುಣವಾಗಲಿಲ್ಲ. ಈ ಪ್ರಯೋಗದಲ್ಲಿ ಯಾರಿಗೆ ಯಾವ ಮಾತ್ರೆ ಎಂಬುದು ಗುಟ್ಟಾಗಿರಲಿಲ್ಲ, ಅದೊಂದು ಮಿತಿ. ಆದರೂ 66ಕ್ಕೂ 14ಕ್ಕೂ ನಡುವಿನ ಅಂತರವನ್ನು ನೋಡುವವರ ಪಕ್ಷಪಾತವೊಂದರಿಂದಲೇ ವಿವರಿಸಲು ಬರುವುದಿಲ್ಲ.

ಇಟ್ರಾಕೊನಜೋಲ್ ತಾನಾಗಿ ತಂದು ನುಂಗುವ ಮಾತ್ರೆಯಲ್ಲ. ಇದರ ಕ್ಯಾಪ್ಸೂಲು ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು, ಆದ್ದರಿಂದ ಊಟವಾದ ಕೂಡಲೇ ತೆಗೆದುಕೊಳ್ಳಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಅಭ್ಯಾಸ ಇದ್ದವರಲ್ಲಿ ಕ್ಯಾಪ್ಸೂಲು ಸರಿಯಾಗಿ ಹೀರಿಕೊಳ್ಳದೆ ಹೋಗುತ್ತದೆ. ಮಾತ್ರೆ ತಿಂದೂ ಗುಣವಾಗಲಿಲ್ಲ ಎನ್ನುವ ಕೆಲವರ ಕಾರಣ ಇಷ್ಟು ಸರಳ. ಹೃದಯ ವೈಫಲ್ಯ ಇರುವವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ತಿನ್ನುವವರಲ್ಲಿ ಎರಡೂ ಸೇರಿ ಸ್ನಾಯುಗಳಿಗೆ ಹಾನಿಯಾಗಬಹುದು. ಬೇರೆ ಯಾವ ಮಾತ್ರೆ ನಡೆಯುತ್ತಿದ್ದರೂ ವೈದ್ಯರಿಗೆ ಹೇಳಲೇಬೇಕು.

ರೋಗ ಗಜಕರ್ಣವೇ ಹೌದೇ ಎಂದು ಖಚಿತಪಡಿಸಲು ಇರುವ ಪರೀಕ್ಷೆ ಅಗ್ಗದ್ದು, ಅರ್ಧ ಗಂಟೆಯಲ್ಲಿ ಮುಗಿಯುವಂಥದ್ದು. ಮೊಂಡು ಬ್ಲೇಡಿನಿಂದ ಉಂಗುರದ ಅಂಚನ್ನು ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಡುತ್ತಾರೆ. ಹತ್ತಿಪ್ಪತ್ತು ನಿಮಿಷದಲ್ಲಿ ಚರ್ಮದ ಕೋಶಗಳು ಕರಗಿ ತಿಳಿಯಾಗುತ್ತವೆ, ಶಿಲೀಂಧ್ರದ ಕವಲೊಡೆದ ಎಳೆಗಳು ಉಳಿದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಅಂಚು ಬಿಟ್ಟು ನಡುವಿನಿಂದ ಕೆರೆದರೆ, ಹೊಟ್ಟು ಕಡಿಮೆಯಾದರೆ, ಅವಸರದಲ್ಲಿ ಐದೇ ನಿಮಿಷಕ್ಕೆ ನೋಡಿದರೆ ಪರೀಕ್ಷೆ ಸುಳ್ಳಾಗುತ್ತದೆ. ಬಟ್ಟೆಯ ನೂಲು, ಕೋಶಗಳ ನಡುವಿನ ಗೆರೆ ಎಳೆಯಂತೆ ಕಂಡು ಮೋಸ ಮಾಡುವುದೂ ಉಂಟು. ಮಂಗಳೂರಿನ ವೆನ್ಲಾಕ್‌ನಂಥ ಸರಕಾರಿ ಆಸ್ಪತ್ರೆಯಲ್ಲಾಗಲಿ, ಮಣಿಪಾಲ–ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗದಲ್ಲಾಗಲಿ ಇದನ್ನು ಕೇಳಿ ಮಾಡಿಸಿಕೊಳ್ಳಲು ಸಂಕೋಚ ಬೇಡ. ಸೋರಿಯಾಸಿಸ್, ಎಗ್ಸಿಮಾ ಮೇಲ್ನೋಟಕ್ಕೆ ಹೀಗೇ ಕಾಣಬಹುದು. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ತಾಗಿ ಕೈಯಲ್ಲಿ ಏಳುವ ದದ್ದಿಗೂ ಶಿಲೀಂಧ್ರಕ್ಕೂ ಸಂಬಂಧವಿಲ್ಲ. ತುರಿಕೆಯಿಲ್ಲದ, ಮುಟ್ಟಿದರೆ ಸ್ಪರ್ಶ ಗೊತ್ತಾಗದ ಮಚ್ಚೆಯಾದರೆ ಕುಷ್ಠದ ಪರೀಕ್ಷೆಯೇ ಮೊದಲು.

ಹಚ್ಚುವ ಔಷಧಿಯಲ್ಲಿ ಎಡವುವುದು ಅಳತೆಯಲ್ಲಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು, ಬೆರಳುಗಳೂ ಸೇರಿ. ಎರಡೂ ತೊಡೆಸಂದು ಮತ್ತು ಪೃಷ್ಠ ಸೇರಿ ಆರು ಅಂಗೈಯಷ್ಟಾಯಿತು ಎಂದುಕೊಳ್ಳಿ. ಒಂದು ಸಲಕ್ಕೆ ಒಂದೂವರೆ ಗ್ರಾಂ, ದಿನಕ್ಕೆರಡು ಸಲವಾದರೆ 3 ಗ್ರಾಂ. 15 ಗ್ರಾಂನ ಟ್ಯೂಬು ಐದೇ ದಿನಕ್ಕೆ ಖಾಲಿಯಾಗಬೇಕು. ಅದೇ ಟ್ಯೂಬು ತಿಂಗಳು ಬಂತೆಂದರೆ ಔಷಧಿ ಮೈಗೆ ಹತ್ತಿಲ್ಲ ಎಂದೇ ಅರ್ಥ. ಹಚ್ಚುವಾಗ ಕಾಣುವ ಅಂಚಿನಿಂದ ಹೊರಗೆ ಎರಡು ಸೆಂಟಿಮೀಟರ್‌ವರೆಗೂ ಹಚ್ಚಬೇಕು, ಯಾಕೆಂದರೆ ಎಳೆಗಳು ಅಂಚಿಗಿಂತ ಮುಂದೆ ಹೋಗಿರುತ್ತವೆ. ಎಲ್ಲ ಹೋದಂತೆ ಕಂಡ ಮೇಲೂ ಎರಡು ವಾರ ಹಚ್ಚುತ್ತಿರಬೇಕು. ಸ್ಟೀರಾಯ್ಡ್ ಕ್ರೀಮು ನಿಲ್ಲಿಸಿದ ಮೊದಲ ದಿನಗಳಲ್ಲಿ ತುರಿಕೆ ವಿಪರೀತವಾಗುತ್ತದೆ. ಹಳೆಯ ಟ್ಯೂಬಿಗೆ ಕೈ ಹೋಗುವುದು ಆಗಲೇ. ರಾತ್ರಿ ನಿದ್ದೆ ಬರಲು ವೈದ್ಯರು ತುರಿಕೆಯ ಮಾತ್ರೆ ಕೊಡುತ್ತಾರೆ, ಆ ದಿನಗಳನ್ನು ದಾಟಿಸಲು ಅದು ಬೇಕು.

ಮನೆಯಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಮಾಡಿದರೆ ಬೈರಾಸು ಉಳಿದವರಿಂದ ರೋಗವನ್ನು ಮರಳಿ ತರುತ್ತದೆ. ಬೈರಾಸು, ಚಾಪೆ, ಸಾಬೂನು ಒಬ್ಬೊಬ್ಬರದು ಬೇರೆ ಇರಲಿ. ರೋಗಿಯ ಬಟ್ಟೆಯನ್ನು ಎಲ್ಲರ ಬಟ್ಟೆಯೊಂದಿಗೆ ನೆನೆಸಬೇಡಿ. ಬೀಜಾಣು ಸಾಯಲು 60 ಡಿಗ್ರಿಯಷ್ಟು ಬಿಸಿ ಬೇಕು. ಬಚ್ಚಲ ಹಂಡೆಯ ಕುದಿನೀರು ಇದಕ್ಕೆ ಚೆನ್ನಾಗಿ ಒದಗುತ್ತದೆ. ಬಿಸಿಲಿಲ್ಲದ ಆಟಿ ತಿಂಗಳಲ್ಲಿ ಒಳಉಡುಪನ್ನು ತಿರುವಿ, ಹೊಲಿಗೆಯ ಮೇಲೆ ಒತ್ತಿ ಇಸ್ತ್ರಿ ಹಾಕಿದರೆ ಸಾಕು. ಉಡಿದಾರದ ಬಗ್ಗೆ ಹೇಳಲು ಕಷ್ಟವಾಗುತ್ತದೆ, ಅದು ನಂಬಿಕೆಯ ವಿಷಯ. ಆದರೆ ಸೊಂಟದ ಸುತ್ತ ಗಜಕರ್ಣ ಇರುವಾಗ ವರ್ಷಗಟ್ಟಲೆ ನೆನೆದ ನೂಲು ಬೀಜಾಣುಗಳ ಮನೆ. ಗುಣವಾಗುವವರೆಗಾದರೂ ತೆಗೆದಿಟ್ಟು, ಆಮೇಲೆ ಹೊಸದನ್ನು ಕಟ್ಟಿಕೊಳ್ಳಬಹುದು. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗಿ ದಿನಗಟ್ಟಲೆ ಬೋಟಿನಲ್ಲೇ ಇರುವವರಿಗೆ ಇದೆಲ್ಲ ಸುಲಭವಲ್ಲ. ಅಲ್ಲಿ ಸಿಹಿನೀರೇ ಅಳತೆಯದ್ದು. ಅಂಥವರು ಇಷ್ಟಾದರೂ ಮಾಡಬಹುದು. ಮಲಗುವ ಮುನ್ನ ಸಂದಿಯನ್ನು ಒರೆಸಿ ಒಣಗಿಸುವುದು, ಸಡಿಲ ಹತ್ತಿ ಬಟ್ಟೆ ಉಡುವುದು, ಹೊದಿಕೆ ಹಂಚಿಕೊಳ್ಳದಿರುವುದು, ಎಂಟು ವಾರದ ಮಾತ್ರೆ ಇದ್ದರೆ ಕಡಲಿಗೆ ಹೋಗುವಾಗ ಅಷ್ಟೂ ದಿನದ್ದನ್ನು ಲೆಕ್ಕ ಹಾಕಿ ಒಯ್ಯುವುದು.

ವೈದ್ಯರ ಬಳಿ ಹೋಗುವ ದಿನ ಆ ಜಾಗಕ್ಕೆ ಏನನ್ನೂ ಹಚ್ಚಬೇಡಿ, ಕೆರೆದು ನೋಡುವವರಿಗೆ ಎಣ್ಣೆ–ಕ್ರೀಮುಗಳೇ ಅಡ್ಡಿ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಮನೆಯಲ್ಲಿ ಇನ್ನಾರಿಗೆ ತುರಿಕೆ ಇದೆಯೋ ಅವರನ್ನೂ ಅಂದೇ ಕರೆದುಕೊಂಡು ಹೋಗಿ.