ತೆರಪು: ಎರಡು ಕರಡಿಗಳ ನಡುವೆ ಉಳಿಯುವ ಜಾಗ

ಒಂದೇ ಸಮನೆ ಸುರಿಯುತ್ತಿದ್ದ ಮಳೆ ಸ್ವಲ್ಪ ಹೊತ್ತು ನಿಂತರೆ ‘ಮಳೆ ತೆರಪು ಕೊಟ್ಟಿತು’ ಎನ್ನುತ್ತೇವೆ. ದಟ್ಟ ಮರಗಳ ನಡುವೆ ಆಕಾಶ ಕಾಣುವ ಜಾಗವೂ ತೆರಪೇ. ‘ತೆರೆ’ ಎಂಬ ಕ್ರಿಯಾಪದದಿಂದ ಹುಟ್ಟಿದ ಈ ಮಾತು ಹಳಗನ್ನಡದಲ್ಲಿ ಶಕಟರೇಫದೊಂದಿಗೆ, ಎಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದೊಂದಿಗೆ, ‘ತೆಱಪು’ ಆಗಿತ್ತು. ಜಾಗದ ಬಿಡುವು, ಹೊತ್ತಿನ ಬಿಡುವು ಎರಡನ್ನೂ ಅದು ಹೇಳುತ್ತದೆ.

ವನ್ಯಜೀವಿ ಛಾಯಾಗ್ರಹಣಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಒಂದೇ ಚೌಕಟ್ಟಿನಲ್ಲಿರುವ ಎರಡು ಪ್ರಾಣಿಗಳಲ್ಲಿ ಒಂದರ ಮೈಯ ಹೊರಗೆರೆ ಇನ್ನೊಂದಕ್ಕೆ ತಾಗದಂತೆ ಉಳಿಯುವ ಜಾಗ, ಅದೇ ತೆರಪು. ಕ್ಯಾಮೆರಾ ಹಿಡಿದವರ ಬಾಯಲ್ಲಿ ಇದು ‘ಗ್ಯಾಪ್’. ಇದನ್ನು ಪ್ರಾಣಿಯ ಸುತ್ತ ಬಿಡುವ ಖಾಲಿ ಜಾಗದೊಂದಿಗೆ ಬೆರೆಸಬಾರದು. ಖಾಲಿ ಜಾಗ ಒಂದೇ ಪ್ರಾಣಿಯಿದ್ದರೂ ಇರುತ್ತದೆ, ತೆರಪಿಗೆ ಎರಡು ಬೇಕು. ‘ಸಂದು’ ಎಂದರೂ ಸರಿಹೋಗುವುದಿಲ್ಲ. ಸಂದು ಇಕ್ಕಟ್ಟಿನದು, ತಾನಾಗಿ ಬಿಟ್ಟುಹೋದದ್ದು. ತೆರಪು ತೆರೆದುಕೊಳ್ಳುವಂಥದ್ದು, ಮುಚ್ಚಿಕೊಳ್ಳುವಂಥದ್ದು.

ಈ ಪದದ ಬೆಲೆ ನನಗೆ ತಿಳಿದದ್ದು ದರೋಜಿಯಲ್ಲಿ. ಹಂಪಿಗೆ ಹತ್ತಿರದ ಈ ಕರಡಿಧಾಮ 1994ರಲ್ಲಿ ಘೋಷಣೆಯಾಯಿತು. ಬಂಡೆಗುಡ್ಡ, ಕುರುಚಲು ಕಾಡು, ಗೆದ್ದಲಿನ ಹುತ್ತ. ಹೊತ್ತು ಇಳಿಯುತ್ತಿದ್ದಂತೆ ಕರಡಿಗಳು ಬಂಡೆಗಳ ಎಡೆಯಿಂದ ಹೊರಬರುತ್ತವೆ. ವೀಕ್ಷಣಾ ಗೋಪುರದಲ್ಲಿ ಕುಳಿತವರು ಅವನ್ನು ಎದುರಿನ ಇಳಿಜಾರಿನಲ್ಲಿ ನೋಡುತ್ತಾರೆ.

ನಮ್ಮ ಕರಡಿಯ ತೊಡಕು ಅದರ ಬಣ್ಣ. ಜೂಲುಜೂಲಾದ ಕಪ್ಪು ಕೂದಲು, ಮಾಸಲು ಬಿಳಿಯ ಉದ್ದ ಮೂತಿ, ಎದೆಯ ಮೇಲೆ ಕೆನೆಬಣ್ಣದ ಪಟ್ಟಿ. ಮಿಕ್ಕದ್ದೆಲ್ಲ ಕಪ್ಪು. ಇಂಥ ಮೈ ಚೌಕಟ್ಟು ತುಂಬಿದರೆ ಕ್ಯಾಮೆರಾದ ಬೆಳಕಿನ ಅಳತೆ ಮೋಸಹೋಗಿ ಕಪ್ಪನ್ನು ಬೂದಿಬಣ್ಣ ಮಾಡುತ್ತದೆ, ಮೂತಿ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಅದನ್ನು ತಡೆಯಲು ಎಕ್ಸ್‌ಪೋಶರ್, ಎಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ತಗ್ಗಿಸುತ್ತೇವೆ. ಮೂತಿ ಉಳಿಯುತ್ತದೆ, ಆದರೆ ಕಪ್ಪು ಇನ್ನಷ್ಟು ಕಪ್ಪಾಗುತ್ತದೆ. ಆಗ ಎರಡು ಕರಡಿಗಳು ಒಂದಕ್ಕೊಂದು ತಾಗಿ ನಿಂತರೆ ಚಿತ್ರದಲ್ಲಿ ಸಿಗುವುದು ಎಂಟು ಕಾಲಿನ ಒಂದು ಕಪ್ಪು ಗುಡ್ಡೆ. ಜಿಂಕೆಗಳಲ್ಲಿ ಈ ಕಷ್ಟ ಇಷ್ಟಿಲ್ಲ. ಒಂದರ ಮೇಲೊಂದು ಬಂದರೂ ಚುಕ್ಕೆ, ಕೊಂಬು, ಕಿವಿಯ ಅಂಚು ಅವನ್ನು ಬೇರೆ ಮಾಡಿ ತೋರಿಸುತ್ತವೆ. ಕರಡಿಗೆ ತೆರಪು ಬಿಟ್ಟರೆ ಬೇರೆ ದಾರಿಯಿಲ್ಲ.

ಒಂದು ಸಂಜೆ ಎರಡು ಮರಿಗಳ ತಾಯಿಯೊಂದು ಬಂಡೆಯ ಮೇಲಿತ್ತು. ಕೆಳಗಿನ ಪೊದೆಯಿಂದ ಇನ್ನೊಂದು ದೊಡ್ಡ ಕರಡಿ ಬಂತು. ಮರಿಗಳು ತಾಯಿಯ ಬೆನ್ನಿಗೆ ಹತ್ತಿ ಭುಜದ ಉದ್ದ ಕೂದಲನ್ನು ಹಿಡಿದುಕೊಂಡವು. ತಾಯಿ ಎರಡು ಕಾಲಿನ ಮೇಲೆದ್ದಿತು, ಬಂದದ್ದೂ ಎದ್ದಿತು. ಬಾಯಿ ತೆರೆದು ಒಂದರ ಮೇಲೊಂದು ಬಿದ್ದವು. ನಾನು ಬಟನ್ ಒತ್ತಿ ಹಿಡಿದೆ. ಮನೆಗೆ ಬಂದು ನೋಡಿದರೆ ಕೈಕೈ ಮಿಲಾಯಿಸಿದ ಚಿತ್ರಗಳೆಲ್ಲ ಕಪ್ಪು ಕಂಬಳಿಯ ಮುದ್ದೆ. ಯಾವ ಪಂಜ ಯಾರದೆಂದು ತಿಳಿಯುವಂತಿರಲಿಲ್ಲ. ಉಳಿದದ್ದು ಒಂದೇ. ಹೊಡೆತ ಮುಗಿದು ಎರಡೂ ಒಂದು ಕ್ಷಣ ಹಿಂದೆ ಸರಿದಾಗಿನದು. ಮೂತಿಗಳ ನಡುವೆ ಎರಡು ಗೇಣಿನಷ್ಟು ಜಾಗ, ಅದರ ಹಿಂದೆ ಬಿಸಿಲು ಬಿದ್ದ ಬಂಡೆ, ತಾಯಿಯ ಕಿವಿಯ ಹಿಂದಿನಿಂದ ಇಣುಕುವ ಮರಿಯ ಮುಖ. ಹೋರಾಟ ಕಂಡದ್ದು ಅವು ಬೇರೆಯಾದ ಆ ಚಿತ್ರದಲ್ಲಿ.

ಹೊತ್ತು ತೆರಪು ಕೊಟ್ಟಾಗಲೇ ಜಾಗವೂ ತೆರಪು ಕೊಡುತ್ತದೆ. ಪದದ ಎರಡು ಅರ್ಥಗಳೂ ಇಲ್ಲಿ ಕೂಡುತ್ತವೆ. ಆದ್ದರಿಂದ ಕರಡಿಗಳು ಮೇಲೆ ಬಿದ್ದ ಗಳಿಗೆಗಿಂತ, ಬೀಳುವ ಮುಂಚಿನ ಮತ್ತು ಬಿಡಿಸಿಕೊಂಡ ಗಳಿಗೆಗಳಿಗೆ ಕಾಯಬೇಕು. ಸೆಕೆಂಡಿನ ಸಾವಿರದಲ್ಲೊಂದು ಭಾಗದ ಶಟರ್ ವೇಗ ಆ ಗಳಿಗೆಯನ್ನು ಹಿಡಿಯಲು ಸಾಕು, ಬೆಳಕು ಇದ್ದರೆ.

ತೆರಪು ಎಷ್ಟಿರಬೇಕು? ಜಗಳದಲ್ಲಿ ಒಂದು ಮೂತಿಯ ಉದ್ದಕ್ಕಿಂತ ಕಡಿಮೆ ಇದ್ದರೆ ಬಿಗಿ ಇರುತ್ತದೆ. ಒಂದು ಮೈಯ ಉದ್ದವನ್ನು ದಾಟಿದರೆ ಅದು ಎರಡು ಚಿತ್ರವಾಗುತ್ತದೆ ಎಂಬುದು ನನ್ನ ಅನುಭವ. ಅಳತೆಗಿಂತ ಮುಖ್ಯ, ತೆರಪಿನ ಹಿಂದೆ ಏನಿದೆ ಎನ್ನುವುದು. ಬಿಳಿಚು ಬಂಡೆ ಇದ್ದರೆ ಕೂದಲಿನ ಎಳೆ ಎಳೆಯೂ ಬಿಡಿಸಿಕೊಂಡು ಕಾಣುತ್ತದೆ. ಪೊದೆಯ ನೆರಳಿದ್ದರೆ ತೆರಪು ಇದ್ದೂ ಇಲ್ಲದಂತೆ. ಗೋಪುರದಲ್ಲಿ ಒಂದೇ ಮೊಳ ಅತ್ತ ಸರಿದು ಕುಳಿತರೂ ಕೆಲವೊಮ್ಮೆ ನೆರಳಿನ ಬದಲು ಬಂಡೆ ಸಿಗುತ್ತದೆ.

ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿದು ಚಿತ್ರ ತೆಗೆಯಿರಿ ಎಂದು ಎಲ್ಲರೂ ಕಲಿಸುತ್ತಾರೆ. ಒಂಟಿ ಪ್ರಾಣಿಗೆ ಅದು ಸರಿ. ಆದರೆ ಒಂದರ ಹಿಂದೆ ಒಂದು ನಿಂತ ಕರಡಿಗಳನ್ನು ನೆಲದ ಮಟ್ಟದಿಂದ ನೋಡಿದರೆ ಮುಂದಿನದು ಹಿಂದಿನದನ್ನು ನುಂಗುತ್ತದೆ. ಎತ್ತರದಿಂದ ನೋಡಿದಾಗ ಅವುಗಳ ನಡುವಿನ ನೆಲ ಕಾಣುತ್ತದೆ, ತೆರಪು ಚೌಕಟ್ಟಿನಲ್ಲಿ ಮೇಲೆ ಕೆಳಗೆ ಹರಡಿಕೊಳ್ಳುತ್ತದೆ. ಗೋಪುರದ ಎತ್ತರವನ್ನು ಕೊರತೆ ಎಂದು ಹಳಿಯುವುದನ್ನು ನಾನು ಇದು ತಿಳಿದಂದಿನಿಂದ ಬಿಟ್ಟಿದ್ದೇನೆ.

ಒಂದು ಮುಂದೆ, ಒಂದು ಹಿಂದೆ ನಿಂತಾಗಿನ ಆಳದ ತೆರಪಿಗೆ ಇನ್ನೊಂದು ಲೆಕ್ಕವಿದೆ. 600 ಮಿ.ಮೀ. ಲೆನ್ಸ್, 50 ಮೀಟರ್ ದೂರ, ಎಫ್/4 ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ) ಎಂದರೆ ಸ್ಪಷ್ಟವಾಗಿ ಕಾಣುವ ಪಟ್ಟಿ ಸುಮಾರು ಒಂದೂವರೆ ಮೀಟರ್. ತಾಯಿಗೆ ಫೋಕಸ್ ಮಾಡಿದಾಗ ಒಂದು ಮೀಟರ್ ಹಿಂದಿರುವ ಮರಿಯ ಕಣ್ಣು ಮಸುಕಾಗುತ್ತದೆ. ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ಹೋದರೆ ಪಟ್ಟಿ ಇಮ್ಮಡಿಯಾಗುತ್ತದೆ, ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಸಂಜೆಯ ಕರಡಿಗೆ ಇದು ದುಬಾರಿ. ಎರಡು ಕರಡಿಗಳೂ ಲೆನ್ಸಿನಿಂದ ಒಂದೇ ದೂರಕ್ಕೆ ಬರುವ ತನಕ ಕಾಯುವುದೇ ಮೇಲು.

ಬೆನ್ನೇರಿದ ಮರಿಯಲ್ಲಿ ತೆರಪು ಎಲ್ಲಿ ಎಂದು ಕೇಳಬಹುದು. ಮೈಗಳ ನಡುವೆ ಇಲ್ಲ, ತಲೆಗಳ ನಡುವೆ ಇದೆ. ಮರಿ ತಲೆಯೆತ್ತಿ ಅದರ ಬಿಳಿ ಮೂತಿ ತಾಯಿಯ ಕಿವಿಗಿಂತ ಮೇಲೆ ಬಂದಾಗ ಮಾತ್ರ ನೋಡುವವರಿಗೆ ಅಲ್ಲೊಂದು ಮರಿ ಇದೆಯೆಂದು ಗೊತ್ತಾಗುತ್ತದೆ.

ಅಲಾಸ್ಕಾದ ಬ್ರೂಕ್ಸ್ ಜಲಪಾತದಲ್ಲಿ ಜುಲೈ ತಿಂಗಳ ಸಾಲ್ಮನ್ ಮೀನಿಗೆ ಸೇರುವ ಕಂದು ಕರಡಿಗಳಲ್ಲಿ ತೆರಪು ಯಜಮಾನಿಕೆಯ ಗುರುತು. ಬಲಿಷ್ಠ ಕರಡಿ ಒಳ್ಳೆಯ ಜಾಗ ಹಿಡಿದು ನಿಲ್ಲುತ್ತದೆ, ಉಳಿದವು ಜಾಗ ಬಿಟ್ಟುಕೊಡುತ್ತವೆ. ಚಿತ್ರವನ್ನು ಕತ್ತರಿಸಿ ಆ ಅಂತರವನ್ನು ಹೊರಗಿಟ್ಟರೆ ಯಾರು ಯಾರಿಗೆ ಹೆದರುತ್ತಾರೆಂಬ ಸಂಗತಿಯೇ ಅಳಿಸಿಹೋಗುತ್ತದೆ.

ದರೋಜಿಯಲ್ಲಿ ಕರಡಿಗಳನ್ನು ಸೆಳೆಯಲು ಬಂಡೆಗಳಿಗೆ ಬೆಲ್ಲದ ಪಾಕ ಸವರುವ ವಾಡಿಕೆ ಇದೆ. ನಮ್ಮ ಕರಡಿ ಸ್ವಭಾವತಃ ಒಂಟಿ, ಮರಿಗಳೊಂದಿಗಿನ ತಾಯಿ ಬಿಟ್ಟರೆ ಜೊತೆಗೂಡುವುದು ಕಡಿಮೆ. ಕಾಡಿನೊಳಗೆ ಅವು ಉಳಿಸಿಕೊಳ್ಳುವ ತೆರಪನ್ನು ಬೆಲ್ಲ ಕಿರಿದು ಮಾಡುತ್ತದೆ. ಆ ಸಂಜೆಯ ಎರಡು ಗೇಣಿನ ಜಾಗದಲ್ಲಿ ಬೆಲ್ಲದ ಪಾಲೂ ಇತ್ತು. ಅದಕ್ಕೇ ಆ ಚಿತ್ರದ ಕೆಳಗೆ ಹೀಗೆ ಬರೆದಿದ್ದೇನೆ: ‘ಬೆಲ್ಲ ಸವರಿದ ಬಂಡೆಯ ಬಳಿ, ದರೋಜಿ.’