ತೆನುಗುಯಿ ಟಿಪ್ಪಣಿ: ನನ್ನನ್ನು ಎರಡು ದಿನ ಕಾಡಿದ ಮಡಿಕೆ

ಜಪಾನಿ ಭಾಷೆಯಲ್ಲಿ ‘ತೆ’ ಎಂದರೆ ಕೈ, ‘ನುಗುಯಿ’ ಎಂದರೆ ಒರೆಸುವುದು. ನಮ್ಮ ಪಾಣಿಪಂಚೆಯಲ್ಲಿಯೂ ಕೈಯೇ ಇರುವುದರಿಂದ ಹೆಸರು ನೆನಪಿಡುವುದು ಸುಲಭ. ತೆನುಗುಯಿ ಎಂದರೆ ಸುಮಾರು 35 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ತೆಳುವಾದ ಹತ್ತಿ ಬಟ್ಟೆ. ಕೈ ಒರೆಸಲು, ತಲೆಗೆ ಕಟ್ಟಲು, ಊಟದ ಡಬ್ಬಿ ಸುತ್ತಲು. ಕತ್ತರಿಸಿದ ತುದಿಗಳನ್ನು ಹೊಲಿಯುವುದಿಲ್ಲ, ಹಾಗಾಗಿ ಅಂಚಿನಲ್ಲಿ ತೇವ ನಿಲ್ಲದೆ ಬೇಗ ಒಣಗುತ್ತದೆ. ನೂಲು ಬಿಟ್ಟುಕೊಂಡರೆ ಎಳೆಯಬೇಡಿ, ಕತ್ತರಿಸಿ.

ಇನ್ನು ಚೂಸೆನ್, ಅಂದರೆ ತೆನುಗುಯಿಗೆ ಬಣ್ಣ ಸುರಿಯುವ ವಿಧಾನ. ಮೇಜಿ ಕಾಲದಲ್ಲಿ (1868–1912) ಒಸಾಕಾದಲ್ಲಿ ಬೆಳೆದದ್ದು. ಬಟ್ಟೆಯ ಮೇಲೆ ಕೊರೆದ ಅಚ್ಚುಹಾಳೆ ಇಟ್ಟು, ಬಣ್ಣ ಬೇಡವಾದ ಕಡೆ ಅಂಟು ಸವರುತ್ತಾರೆ. ಉದ್ದನೆಯ ಬಟ್ಟೆಯನ್ನು ಒಂದೊಂದು ತೆನುಗುಯಿಯ ಅಳತೆಗೆ ಅದರ ಮೇಲೆಯೇ ಮಡಿಸಿ ಮತ್ತೆ ಸವರುತ್ತಾರೆ; ಕೊನೆಗೆ ಕತ್ತರಿಸಿದಾಗ ಪ್ರತಿ ಪದರವೂ ಒಂದು ತೆನುಗುಯಿ. ಸೀರೆಯ ನೆರಿಗೆಯಂತೆ ಹಿಂದಕ್ಕೆ, ಮುಂದಕ್ಕೆ. ನಂತರ ಈ ಅಟ್ಟಿಯ ಮೇಲೆ ಕೆಟಲ್‌ನಿಂದ ಬಣ್ಣ ಸುರಿದು, ಕೆಳಗಿನಿಂದ ಗಾಳಿಯ ಸೆಳೆತದಿಂದ ಹೀರುತ್ತಾರೆ. ಅಟ್ಟಿ ಮಗುಚಿ ಮತ್ತೊಮ್ಮೆ. ಬಣ್ಣಗಳು ಬೆರೆಯಬಾರದೆಂದರೆ ನಡುವೆ ಅಂಟಿನ ಬದು ಕಟ್ಟುತ್ತಾರೆ.

ನಾನು ಸಿಕ್ಕಿಕೊಂಡದ್ದು ಇಲ್ಲಿ: ಅಂಟು ಸವರುವುದು ಮೇಲಿನಿಂದ ಮಾತ್ರ, ಹಾಗಿದ್ದರೆ ಕೆಳಬದಿಯಲ್ಲಿ ಚಿತ್ತಾರ ಹೇಗೆ ಚೊಕ್ಕಟವಾಗಿ ಬರುತ್ತದೆ? ಮಡಿಸಿದಾಗ ಮೇಲಿನ ಪದರದ ಕೆಳಬದಿ, ಕೆಳಗಿನ ಪದರದ ಹಸಿ ಅಂಟಿನ ಮೇಲೆಯೇ ಕೂರುತ್ತದೆ. ಅಂದರೆ ಪ್ರತಿ ಪದರಕ್ಕೂ ಎರಡೂ ಕಡೆ ಅಂಟಿನ ಕಾವಲು. ಇಷ್ಟು ಹೊಳೆಯಲು ಒಂದು ದಿನ ಹಿಡಿಯಿತು.

ಎರಡನೆಯ ದಿನದ ತಲೆನೋವು ಅಕ್ಷರದ್ದು. ಟಿಶ್ಯೂ ಕಾಗದದ ಪಟ್ಟಿಯನ್ನು ನೆರಿಗೆ ಮಡಿಸಿ, ಸ್ಕೆಚ್ ಪೆನ್ನಿನಿಂದ ‘ಕೆ’ ಎಂದು ಒತ್ತಿ ಬರೆದೆ. ಮಸಿ ನಾಲ್ಕು ಪದರ ಇಳಿಯಿತು. ಬಿಡಿಸಿದರೆ ಒಂದು ‘ಕೆ’ ನೇರ, ಪಕ್ಕದ್ದು ಕನ್ನಡಿಯೊಳಗಿನದು, ಮತ್ತೆ ನೇರ! ಹಾಗಾದರೆ ಅರ್ಧದಷ್ಟು ತೆನುಗುಯಿಗಳಲ್ಲಿ ಅಂಗಡಿಯ ಹೆಸರು ಉಲ್ಟಾ ಬರಬೇಕಲ್ಲವೇ? ಮಡಿಕೆಗಳಲ್ಲಿ ಕತ್ತರಿಸಿ, ಉಲ್ಟಾ ಕಂಡ ತುಂಡನ್ನು ಮಗುಚಿದೆ. ನೇರವಾಯಿತು. ಒಂದು ಪದರ ಬಿಟ್ಟು ಒಂದರಲ್ಲಿ ಬಟ್ಟೆಯ ಬೆನ್ನು ಮೇಲಿರುತ್ತದೆ, ಅಷ್ಟೇ. ಸಾದಾ ನೇಯ್ಗೆಗೆ ಹೊಟ್ಟೆಯೂ ಒಂದೇ, ಬೆನ್ನೂ ಒಂದೇ.

ಚೂಸೆನ್ ಬಟ್ಟೆಯನ್ನು ಗುರುತಿಸಲು ನನ್ನ ಉಪಾಯ: ತಿರುಗಿಸಿ ನೋಡಿ. ಒಂದೇ ಬದಿಗೆ ಅಚ್ಚು ಹಾಕಿದ್ದಾದರೆ ಬೆನ್ನು ಮಂಕಾಗಿರುತ್ತದೆ. ಚೂಸೆನ್‌ನಲ್ಲಿ ಎರಡೂ ಬದಿ ಅಷ್ಟೇ ಗಾಢ. ಅಕ್ಷರವಿದ್ದರೆ ಮಾತ್ರ ಮುಂಬದಿ ಯಾವುದೆಂದು ಹೇಳಬಹುದು. ಬರೀ ಅಲೆಗಳ ಚಿತ್ತಾರವಾದರೆ ಹೇಗೆ ಮಡಿಸಿದರೂ ಸರಿ.